ವಿರೋಧದ ಗಂಗವ್ವ

ಕಳೆದ ಶನಿವಾರ ಚರ್ಚಾಸ್ಪರ್ಧೆಯೊಂದಕ್ಕೆ ನಿರ್ಣಾಯಕಳಾಗಿ ದುಮ್ಮವಾಡಕ್ಕೆ ಹೋಗಿದ್ದೆ. ಸೋತು ಬಂದೆ. ನಿರ್ಣಾಯಕರು ಸೋಲುವುದುಂಟೇ? ಕೇಳಿ.

ವಿಷಯ: ಹಳ್ಳಿಗೆ ಟಿ.ವಿ. ಬೇಕೋ ಬೇಡವೋ. (ಆ ಶಾಲೆಗೆ ಇನ್ನೂ ಕರೆಂಟೇ ಬಂದಿಲ್ಲ, ಇರಲಿ.) ಪರದ ಭಾಷಣವನ್ನೂ ವಿರೋಧದ ಭಾಷಣವನ್ನೂ ಒಬ್ಬರೇ ಮಾಸ್ತರರು ಬರೆದುಕೊಟ್ಟಿದ್ದರು. ಮಕ್ಕಳು ಉರು ಹೊಡೆದು ಒಪ್ಪಿಸಿದರು. ನಮ್ಮ ಕಾಲದಲ್ಲೂ ಹೀಗೇ ಇತ್ತು.

ಹೀಗೇ ಅಂದೆನಲ್ಲ, ಸುಳ್ಳು. ಯರಗುಪ್ಪಿಯ ಶಾಲೆಯಲ್ಲಿ ನಾನು ಯಾವಾಗಲೂ ಪರ, ಗೆಳತಿ ಗಂಗವ್ವ ಯಾವಾಗಲೂ ವಿರೋಧ. ನಾನು ಮಾಸ್ತರರು ಬರೆದದ್ದನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದೆ. ಆಕೆ ನಾಲ್ಕು ಸಾಲು ಒಪ್ಪಿಸಿ, ಕಾಗದ ಬಾಜು ಇಟ್ಟು, "ಏನ್ರಿ ಇವರು ಹೇಳೂದು?" ಎಂದು ನನ್ನತ್ತ ತಿರುಗಿದಳೆಂದರೆ ಮುಗಿಯಿತು, ನನ್ನ ಬಾಯಿ ಬಂದ್! ಮನೆಗೆ ಹೋಗುವ ದಾರಿಯಲ್ಲೂ ಜಗಳ. ಅಷ್ಟು ಸುಖದ ಜಗಳ ಆಮೇಲೆ ನನಗೆ ಸಿಕ್ಕಿಲ್ಲ. ಶಾಲೆ ಮುಗಿಯುತ್ತಲೇ ಆಕೆಯನ್ನು ದುಮ್ಮವಾಡಕ್ಕೆ ಮದುವೆ ಮಾಡಿ ಕೊಟ್ಟರು.

ಖರೆ ಹೇಳಬೇಕೆಂದರೆ ನಾನು ಹೋದದ್ದೇ ಆಕೆ ಸಿಕ್ಕಾಳೆಂದು. ಕುಂದಗೋಳದಲ್ಲಿ ನಾನಿರುವುದು ಬಾಡಿಗೆ ಕೋಣೆಯಲ್ಲಿ, ಒಬ್ಬಳೇ. ಹೆಡ್‌ಮಿಸ್ಟ್ರೆಸ್ ಆದಮೇಲೆ ಶಾಲೆಯಲ್ಲೂ ನನ್ನೆದುರು ಯಾರೂ ತುಟಿ ಬಿಚ್ಚುವುದಿಲ್ಲ. (ನೀವೂ ಅಷ್ಟೇ. ಪತ್ರ ಬರೆದರೆ 'ಅಂಕಣ ಚೆನ್ನಾಗಿತ್ತು'! ಒಮ್ಮೆಯಾದರೂ ಬೈಯಬಾರದೇ?)

ಗಂಗವ್ವ ಬಂದಳು, ಸೆರಗು ತಲೆಯ ಮೇಲೆ. ಆಕೆಯ ಮಗಳೂ ಸ್ಪರ್ಧೆಯಲ್ಲಿದ್ದಳು.

"ಆರಾಮ ಅದೀರೇನ್ರಿ ಅಕ್ಕೋರ?"

"ಏ ಗಂಗೀ, ನನಗ್ಯಾಕ 'ರಿ' ಹಚ್ತೀ? ನಾ ನಿನ್ನ ಸುಶೀ ಅಲ್ಲೇನು?"

"ಹೌದ್ರಿ."

ಕೆಣಕಿ ನೋಡೋಣ ಎಂದುಕೊಂಡೆ. "ಮಗಳನ್ನ ಕಾಲೇಜಿಗೆ ಕಳಸಾಕ ಬೇಕು ನೋಡು."

"ಹೌದ್ರಿ."

"ಇಲ್ಲಾಂದ್ರ ಲಗ್ನಾ ಮಾಡಿಬಿಡು. ಓದಿ ಏನ್ ಮಾಡೋದೈತಿ?"

"ಹೌದ್ರಿ ಅಕ್ಕೋರ. ಓದಿದಾವ್ರು ನೀವು, ನೀವು ಹೇಳೂದ ಖರೆ."

ಒಂದೇ ಉಸಿರಿನಲ್ಲಿ ಎರಡಕ್ಕೂ ಹೌದು! "ಲೇ, ಜಗಳಾ ತಗೀಲೇ!" ಎಂದು ಆಕೆಯ ಭುಜ ಹಿಡಿದು ಅಲುಗಾಡಿಸಬೇಕೆನ್ನಿಸಿತು. ಆದರೆ ಆಗಲೇ ಆಕೆ ನನಗೆ ಕುರ್ಚಿ ಎಳೆದಿಟ್ಟು, ತಾನು ನೆಲದ ಮೇಲೆ ಕೂತಿದ್ದಳು.

ಬಸ್ಸಿನಲ್ಲಿ ಅತ್ತುಬಿಟ್ಟೆ. ಬಾಜೂ ಸೀಟಿನವರು ನೋಡಿದರೂ ನಾಚಿಕೆಯಾಗಲಿಲ್ಲ. ಯಾರೋ ಎದುರಾಡಿದರೆಂದು ನಾವು ವಾರಗಟ್ಟಲೆ ಮುಖ ಊದಿಸಿಕೊಳ್ಳುತ್ತೇವೆ. ಎದುರಾಡುವುದಕ್ಕೂ ಎಷ್ಟು ಸಲಿಗೆ ಬೇಕು ಎಂಬುದು ಹೊಳೆಯುವುದೇ ಇಲ್ಲ.

ಹೇಳಿ, ನನ್ನ ಮಾತಿಗೆ 'ಅಲ್ಲ' ಎನ್ನುವ ಒಬ್ಬ ಗೆಳತಿಯೂ ಉಳಿಯದ ಮೇಲೆ, ನಾನು ಮಾತಾಡುವುದಾದರೂ ಯಾರ ಜೊತೆ?