ಸೀಟಿಲ್ಲದ ಗಾಡಿ

ನಮ್ಮ ಮನೆ ಮಾಲಕ ಕಾಕಾ ಅವರ ಉಗುರುಗಳಿಗೆ ಎರಡು ಬಣ್ಣವಿತ್ತು. ಬುಡದಲ್ಲಿ ಅರಿಷಿಣದ ಹಳದಿ, ತುದಿಯಲ್ಲಿ ಗ್ರೀಸಿನ ಕಪ್ಪು. ಸಾಂಗಲಿ ಪೇಟೆಯಲ್ಲಿ ಅರಿಷಿಣದ ಕೊಂಬು ಮುರಿದು ಬಣ್ಣ ನೋಡುತ್ತ ಆಯುಷ್ಯ ಕಳೆದವರು. ಅಂಗಡಿ ಮುಚ್ಚಿದ ಮೇಲೆ ಉಗುರು ಬೆಳೆದು ಹಳದಿ ಹೋಗಬೇಕಿತ್ತು. ಆದರೆ ಗ್ಯಾರೇಜಿನಲ್ಲಿ ತಗಡು ಕೈ ಕೊಯ್ದಾಗಲೆಲ್ಲ ಒಂದು ಚಿಟಿಕೆ ಅರಿಷಿಣ ಮೆತ್ತಿಕೊಳ್ಳುತ್ತಿದ್ದರು. ತಗಡು ಕೈ ಕೊಯ್ಯದ ದಿನವೇ ಇರಲಿಲ್ಲ. ನಾನು ನರ್ಸು. ನೋಡಿದರೆ ಮೈ ಉರಿಯುತ್ತಿತ್ತು.

“ಧನುರ್ವಾಯು ಆದ್ರ ನನ್ನ ಕರೀಬ್ಯಾಡ್ರಿ ಕಾಕಾ,” ಎನ್ನುತ್ತಿದ್ದೆ.

“ಕರ್ಯಾಕ ಎಲ್ಲಿ ಆಗತೈತಿ ಸಿಸ್ಟರಬಾಯಿ? ಅದು ಬಂದ್ರ ಮೊದಲ ಬಾಯೇ ಕಟ್ಟತೈತಂತಲ್ಲ,” ಎಂದು ನಕ್ಕು ಮತ್ತೆ ಗಾಡಿಯ ಕೆಳಗೆ ನುಸುಳುತ್ತಿದ್ದರು.

ಗಂಡನ ಮನೆಯ ಸಹವಾಸ ಸಾಕೆಂದು ಅಥಣಿ ಕಡೆಯಿಂದ ಬಂದವಳು ನಾನು. ಮಿರಜದ ಆಸ್ಪತ್ರೆಯೊಂದರಲ್ಲಿ ಕೆಲಸ, ಸಾಂಗಲಿಯ ವಿಶ್ರಾಮಬಾಗದಲ್ಲಿ ಕಾಕಾ ಅವರ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ವಾಸ. ಓಣಿಯಲ್ಲಿ ಮರಾಠಿ, ಬಸ್ಸಿನಲ್ಲಿ ಮರಾಠಿ. ಗಡಿಯಾಚೆಯಿಂದ ಬಂದ ರೋಗಿಗಳ ಜೊತೆ ಕನ್ನಡ ಆಡುತ್ತಿದ್ದೆ ನಿಜ, ಆದರೆ ಅದು ‘ಎಲ್ಲಿ ನೋಯಾಕತ್ತೈತಿ’, ‘ಏನ್ ಉಂಡೀರಿ’ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಜಗಳಾಡಲಿಕ್ಕೆ, ಚೇಷ್ಟೆ ಮಾಡಲಿಕ್ಕೆ, ಸುಮ್ಮನೆ ಹರಟಲಿಕ್ಕೆ ನನಗೆ ಕನ್ನಡದಲ್ಲಿ ಉಳಿದ ಮನುಷ್ಯರೆಂದರೆ ಕಾಕಾ ಒಬ್ಬರೇ. ಅವರ ಹೆಂಡತಿ ಕಾಕು ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಡ್ಯೂಟಿ ಮುಗಿಸಿ ಬಂದಾಗ ಕೆಳಗಿನಿಂದ ತುಕ್ಕು ಉಜ್ಜುವ ಸದ್ದು ಕೇಳಿದರೆ ನನಗೆ ಮನೆಗೆ ಬಂದಂತಾಗುತ್ತಿತ್ತು. ಕೇಳದ ದಿನ ಚಪ್ಪಲಿ ಬಿಡುವ ಮೊದಲೇ ಕೆಳಗೆ ಇಣುಕುತ್ತಿದ್ದೆ.

ಗ್ಯಾರೇಜಿನಲ್ಲಿದ್ದದ್ದು ಅವರ ಅಪ್ಪನ ಕಾಲದ ಪಿಕಪ್. ಉಬ್ಬಿದ ಮೂಗು, ಕಪ್ಪೆಯ ಕಣ್ಣಿನಂಥ ದೀಪಗಳು, ಹಿಂದೆ ಚೀಲ ಹೇರಲು ತೆರೆದ ಜಾಗ. ಕಾಲು ಸೋತ ಮೇಲೆ ಅಪ್ಪನಿಗೆ ಅಂಗಡಿಯ ಕಟ್ಟೆ ಹತ್ತಲು ಆಗುತ್ತಿರಲಿಲ್ಲ. ಈ ಗಾಡಿಯ ಮುಂದಿನ ಸೀಟಿನಲ್ಲೇ ಕುಳಿತು, ಬಾಗಿಲು ತೆರೆದಿಟ್ಟುಕೊಂಡು ವ್ಯಾಪಾರ ಮಾಡಿದರಂತೆ. ಪೇಟೆಯ ಮಂದಿ ಆ ಉದ್ದ ಸೀಟನ್ನೇ ಅಂಗಡಿಯ ಗಾದಿಯೆಂದು ಕೈಮುಗಿದು ಹೋಗುತ್ತಿದ್ದರು. ಅಮಾವಾಸ್ಯೆಗೆ ಗಾಡಿಗೆ ಕಾಯಿ ಒಡೆಯುವ ಮೊದಲು ಸೀಟಿಗೆ ವಿಭೂತಿ.

ಅಪ್ಪ ಹೋದ ಮೇಲೆ ಪಾಲಾಯಿತು. ಮಿರಜದ ಹಳೆಯ ಮನೆ ಅಣ್ಣನಿಗೆ, ಅಂಗಡಿಯೂ ಗಾಡಿಯೂ ಕಾಕಾ ಅವರಿಗೆ. ಒಂದು ಕೆಟ್ಟ ಮಾತಿಲ್ಲದೆ ಎಲ್ಲ ಮುಗಿದು ಚಹಾ ಬರುವ ಹೊತ್ತಿಗೆ ಅಣ್ಣ ಸ್ಪ್ಯಾನರ್ ತರಿಸಿ ಸೀಟಿನ ಬೋಲ್ಟು ಬಿಚ್ಚಿಸಿದರು. “ಗಾಡಿ ನಿನ್ನ ಪಾಲು. ಅಪ್ಪ ಕುಂತ ಜಾಗಾ ಹಿರೀ ಮಗಂದು,” ಎಂದರು. ಕಾಕಾ “ಆತು” ಎಂದರು. ಅಣ್ಣತಮ್ಮಂದಿರ ನಡುವೆ ಅದೇ ಕೊನೆಯ ಮಾತು. ಮಿರಜಕ್ಕೂ ವಿಶ್ರಾಮಬಾಗಕ್ಕೂ ನಡುವೆ ಇರುವುದು ಸಿಟಿ ಬಸ್ಸು ಓಡುವ ಒಂದು ರಸ್ತೆ. ಇಬ್ಬರ ತಲೆಯೂ ಬೆಳ್ಳಗಾಯಿತು, ಮಾತು ಹುಟ್ಟಲಿಲ್ಲ.

ಈ ಹಠ ಇಬ್ಬರಿಗೂ ಪೇಟೆಯಿಂದ ಬಂದದ್ದು. ಹಿಂದೆ ಅರಿಷಿಣದ ದರವನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಹೆಗಲ ವಸ್ತ್ರದ ಅಡಿಯಲ್ಲಿ ಕೈ ಸೇರಿಸಿ ಬೆರಳು ಒತ್ತಿ ದರ ತಿಳಿಸುತ್ತಿದ್ದರು, ಸುತ್ತ ನಿಂತವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಾಕಾ ಒಮ್ಮೆ ನನ್ನ ಕೈಮೇಲೆ ಟವೆಲ್ ಹಾಕಿ ಅದನ್ನು ತೋರಿಸಿದರು. ಎಷ್ಟು ಹೊತ್ತಾದರೂ ಅವರ ಬೆರಳು ಅಲುಗಲಿಲ್ಲ. ಬೇಸತ್ತು ನಾನೇ ಒತ್ತಿದೆ.

“ಸೋತಿ,” ಎಂದರು. “ಮೊದಲ ಒತ್ತಿದಾವ ಸೋತಾ. ಅಪ್ಪ ನಮ್ಮಿಬ್ಬರಿಗೂ ಇದನ್ನ ಕಲಿಸ್ಯಾನ.”

“ಮನಿ ಮಂದಿ ಜೋಡಿನೂ ಇದ ವ್ಯಾಪಾರ ಏನ್ರಿ?”

“ಕೈಗೆ ಕಲಿಸಿದ ವಿದ್ಯಾ ಸಿಸ್ಟರಬಾಯಿ. ಅದಕ್ಕ ಮನಿ ಯಾವ್ದು, ಅಂಗಡಿ ಯಾವ್ದು ತಿಳ್ಯೂದಿಲ್ಲ.”

ಕಾಕು ಹೋದ ಮೇಲೆ, ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತಿದ್ದ ಆ ಗಾಡಿಗೆ ಕೈ ಹಾಕಿದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು: “ಒಂದ ಸಲ ಅಣ್ಣ ನನ್ನ ಬಾಜೂಕ ಕುಂದರಬೇಕು. ಅಷ್ಟ.” ಹಾಗಾಗಿ ಗಾಡಿಯಲ್ಲಿ ಎಲ್ಲವೂ ಬದಲಾಯಿತು, ಬೇರೆ ಸೀಟು ಮಾತ್ರ ಹಾಕಿಸಲಿಲ್ಲ. ಹೊರಗಿನ ರೂಪ ಅಪ್ಪನ ಕಾಲದ್ದೇ ಇರಬೇಕು, ಒಳಗಿನದೆಲ್ಲ ಈಗಿನದಾಗಬೇಕು ಎಂದು ಹಠ. ಗುಜರಿಯಿಂದ ಡೀಸೆಲ್ ಎಂಜಿನ್ ತಂದು ಕೂರಿಸಿದರು. ಬ್ರೇಕು ಹೊಸದು ಹಾಕಿಸಿದರು. ಬೆರಳಲ್ಲಿ ತಿರುಗುವಂಥ ಸ್ಟಿಯರಿಂಗ್ ಬಂತು. ಬಣ್ಣದ ವಿಷಯದಲ್ಲಿ ಮಾತ್ರ ಪೇಂಟಿನವನ ಪ್ರಾಣ ತಿಂದರು. ಬಿಸಿಲಿಗೆ ಸುಟ್ಟು ಮೂಲ ಬಣ್ಣ ಯಾವುದೆಂದೇ ತಿಳಿಯದಂತಾಗಿತ್ತು. ಕೊನೆಗೆ ಸೀಟು ಕೂತಿದ್ದ ಜಾಗದಲ್ಲಿ ಅಂಗೈಯಗಲ ಎಳೆ ಹಸಿರು ಉಳಿದದ್ದು ಕಾಣಿಸಿತು. ಆ ತುಣುಕನ್ನು ನೋಡಿ ನೋಡಿ ಇಡೀ ಗಾಡಿಗೆ ಬಳಿಸಿದರು.

ಬಂದವರೆಲ್ಲ ಮರಾಠಿಯಲ್ಲಿ ಕೇಳುವುದು ಒಂದೇ, ಸೀಟು ಎಲ್ಲಿ ಎಂದು: “ಕಾಕಾ, ಸೀಟ್ ಕುಠೆ ಆಹೆ?” ಕಾಕಾ ಖಾರಿ ಬಿಸ್ಕೀಟನ್ನು ಅರಿಷಿಣದ ಕೊಂಬಿನಂತೆ ಮುರಿದು, ಒಳಗೆ ನೋಡಿ, ಬಾಯಿಗೆ ಹಾಕಿಕೊಂಡು, “ಐತಿ. ಬರ್ತೈತಿ,” ಎಂದು ಕನ್ನಡದಲ್ಲೇ ಹೇಳಿಬಿಡುತ್ತಿದ್ದರು. ಅಲ್ಲಿಯ ತನಕ ಅವರು ಕೂರುತ್ತಿದ್ದದ್ದು ಒಂದು ಕಟ್ಟಿಗೆಯ ಪೆಟ್ಟಿಗೆಯ ಮೇಲೆ.

ಒಂದು ಮಧ್ಯಾಹ್ನ ನನ್ನನ್ನು ಕೂಗಿ ಕರೆದರು. ನೆಲದ ಮೇಲೆ ಇಟ್ಟಿಗೆ ಜೋಡಿಸಿದ್ದರು. “ಮೊಣಕಾಲ ಹೋದಾವ್ರು ಎಷ್ಟ ಎತ್ತರಕ ಕಾಲ ಎತ್ತತಾರ? ಎತ್ತಿ ತೋರಸು.” ನಾನು ವಾರ್ಡಿನ ಮುದುಕರನ್ನು ನೆನೆದು ಕಾಲು ಎತ್ತಿದೆ. ಒಂದು ಇಟ್ಟಿಗೆ ತೆಗೆದರು. “ಇನ್ನೂ ಕೆಳಗ,” ಎಂದೆ. ಮತ್ತೊಂದು ತೆಗೆದರು. ಅದೇ ಅಳತೆಗೆ ಕಬ್ಬಿಣದ ಪಾವಟಿಗೆ ಮಾಡಿಸಿ, ಎರಡು ಕೊಕ್ಕೆ ಹಾಕಿಸಿದರು. ಬಾಗಿಲಿಗೂ ತೂಗುಹಾಕಬಹುದು, ಹಿಂಬದಿಗೂ ಹಾಕಬಹುದು. ಕಾಕಾ ಸ್ವತಃ ಹುಡುಗರ ಹಾಗೆ ಜಿಗಿದು ಹತ್ತುವವರು.

“ಅಣ್ಣಗ ಮೊಣಕಾಲ ನೋವಂತ ಯಾರ ಹೇಳಿದ್ರು?” ಎಂದು ಕೇಳಿದೆ.

“ಪ್ಯಾಟ್ಯಾಗ ಯಾರರೆ ಹೇಳ್ತಾರ. ನಾ ಕೇಳಂಗಿಲ್ಲ. ಕಿವಿ ಐತಿ, ಬೀಳತೈತಿ.”

ಪ್ರತಿ ದಸರೆಗೆ ಕಾಕಾ ಬಿಳಿ ಅಂಗಿ ತೊಟ್ಟು, ಜೇಬಿನಲ್ಲಿ ಬನ್ನಿ ಇಟ್ಟುಕೊಂಡು ಮಿರಜದ ಬಸ್ಸು ಹತ್ತುತ್ತಿದ್ದರು. ತಮ್ಮ ಹೋಗಿ ಅಣ್ಣನಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು, ಅದು ಪದ್ಧತಿ. ಅಣ್ಣನ ಓಣಿಯ ತಿರುವಿನ ತನಕ ಹೋಗಿ, ನಿಂತು, ಎಲೆ ಜೇಬಿನಲ್ಲೇ ಇಟ್ಟುಕೊಂಡು ಮರಳುತ್ತಿದ್ದರು. ಮರುದಿನ ಆ ಎಲೆಗಳು ತುಳಸಿಯ ಬುಡದಲ್ಲಿ ಬಿದ್ದಿರುತ್ತಿದ್ದವು. ಗಾಡಿ ತಯಾರಾದ ವರ್ಷ ಬಸ್ಸು ಬೇಡವೆಂದರು. “ನೀನೂ ಬಾ. ಒಬ್ಬಾಂವ ಹೋದ್ರ ತಿರುವಿನ್ಯಾಗ ಕಾಲ ಹಿಡೀತಾವ.”

ದಸರೆಯ ಸಂಜೆ ಅವರು ಪೆಟ್ಟಿಗೆಯ ಮೇಲೆ, ನಾನು ಪಕ್ಕದಲ್ಲಿ ಗೋಣಿಚೀಲ ಮಡಚಿಕೊಂಡು ನೆಲದ ಮೇಲೆ. ಹೊಸ ರೇಷ್ಮೆ ಸೀರೆ ಉಟ್ಟಿದ್ದೆ, ಅದರ ಗತಿ ಕೇಳಬೇಡಿ. ಗಾಡಿ ಮಾತ್ರ ಬೆಣ್ಣೆಯಂತೆ ಹೋಯಿತು. ರಸ್ತೆಯ ಮಂದಿ ನಿಂತು ನೋಡಿದರು. ಕಾಕಾ ಒಮ್ಮೆಯೂ ಅತ್ತಿತ್ತ ನೋಡಲಿಲ್ಲ. ಅಣ್ಣನ ಓಣಿಯ ತಿರುವಿಗೆ ಬಂದು ಗಾಡಿ ನಿಲ್ಲಿಸಿದರು. ಅಪ್ಪ ಪೇಟೆಯಿಂದ ಬಂದಾಗ ಅಲ್ಲಿಯೇ ಎರಡು ಸಲ ಹಾರ್ನ್ ಒತ್ತುತ್ತಿದ್ದರಂತೆ. ಕೇಳಿದ ಕೂಡಲೇ ಮನೆಯಲ್ಲಿದ್ದವರು ಹೊರಗೆ ಬರಬೇಕು. ಕಾಕಾ ಹಾರ್ನಿನ ಮೇಲೆ ಕೈ ಇಟ್ಟು ಬಹಳ ಹೊತ್ತು ಕುಳಿತರು. ಕೊನೆಗೆ ಒತ್ತಿದರು. ಒಮ್ಮೆ, ಇನ್ನೊಮ್ಮೆ.

ಎದುರಿನ ಮನೆಯವರು ಇಣುಕಿದರು. ಅಣ್ಣನ ಮನೆಯ ಬಾಗಿಲು ತೆರೆಯಲಿಲ್ಲ. ಮೇಲಿನ ಕೋಣೆಯಲ್ಲಿ ದೀಪ ಹತ್ತಿತು, ಅಷ್ಟೇ.

“ನಾ ಇಳದ ಹೋಗಿ ಕರೀತೇನಿ,” ಎಂದೆ.

“ಬ್ಯಾಡ. ದೀಪಾ ಹಚ್ಚ್ಯಾನ, ಅಂದ್ರ ಕೇಳೈತಿ. ಬರೂದಿಲ್ಲ ಅಂದ್ರ ಬರೂದಿಲ್ಲ.” ಇನ್ನೂ ಸ್ವಲ್ಪ ಹೊತ್ತು ಕಾದು ಗಾಡಿ ತಿರುಗಿಸಿದರು. ಗ್ಯಾರೇಜಿನ ಬಾಗಿಲು ಎಳೆಯುವಾಗ ಹೇಳಿದರು: “ನಾ ಒತ್ತಿದ್ನಿ. ಸೋತ್ನಿ. ಇನ್ನ ಅವನ ಪಾಳಿ.”

ಆಮೇಲೆ ಕೆಳಗಿನಿಂದ ಸದ್ದು ಬರುವುದು ಕಡಿಮೆಯಾಯಿತು. ಮಾಡಲು ಏನೂ ಉಳಿದಿರಲಿಲ್ಲ. ಸಂಜೆ ಪೆಟ್ಟಿಗೆಯ ಮೇಲೆ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿರುತ್ತಿದ್ದರು, ಬೀದಿಯಲ್ಲಿ ಯಾವುದಾದರೂ ಗಾಡಿ ನಿಂತರೆ ಕತ್ತು ಹೊರಳಿಸುತ್ತಿದ್ದರು. ನಾನು ಚಹಾ ಒಯ್ದು ಪಕ್ಕದ ಗೋಣಿಚೀಲದ ಮೇಲೆ ಕೂರುತ್ತಿದ್ದೆ. ಅಲ್ಲಿ ಕೂತರೂ ಆ ಜಾಗ ತುಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು, ಆದರೆ ಪಾಪ, ಒಮ್ಮೆಯೂ ಹಾಗೆ ತೋರಿಸಲಿಲ್ಲ.

ಸಂಕ್ರಾಂತಿಯ ಆಚೀಚೆ ಎದೆ ಹಿಡಿದುಕೊಂಡರು. ನಮ್ಮ ವಾರ್ಡಿಗೇ ತಂದೆ. ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ಪು ಅವರ ಉಗುರಿನ ಬಣ್ಣ ದಾಟಿ ಏನನ್ನೂ ಹೇಳಲೊಲ್ಲದು. ಹತ್ತೂ ಬೆರಳು ನೋಡಿ ಕಡೆಗೆ ಕಿವಿಗೆ ಹಾಕಿದೆವು. “ಅಣ್ಣಗ ಫೋನ್ ಮಾಡ್ತೇನ್ರಿ,” ಎಂದೆ. ತಲೆ ಅಲ್ಲಾಡಿಸಿದರು. “ಪಾಳಿ ಅವಂದು.”

ಪಾಳಿಯ ಮನೆ ಹಾಳಾಗಲಿ ಎಂದುಕೊಂಡು ಫೋನು ಮಾಡಿದೆ. ಆ ಕಡೆಯ ದನಿ ಕಾಕಾ ಅವರದೇ ದನಿಯ ಹಾಗಿತ್ತು, ಇನ್ನಷ್ಟು ಸವೆದಿತ್ತು. ಎಲ್ಲ ಕೇಳಿಸಿಕೊಂಡು ಕೇಳಿದ್ದು ಒಂದೇ ಮಾತು: “ಫೋನ್ ಮಾಡಂತ ಅವ ಹೇಳ್ಯಾನೇನು?”

“ಇಲ್ರಿ. ಅವರು ಬ್ಯಾಡಂದ್ರು. ನಾ ಹೇಳಾಕತ್ತೇನಿ, ಬರ್ರಿ.”

ಫೋನು ಇಟ್ಟರು. ಬೆಳಗಿನ ಜಾವ ಕಾಕಾ ಹೋದರು. ಕೈ ನನ್ನ ಕೈಯಲ್ಲಿತ್ತು. ನಾನು ಅತ್ತೆ. ಡ್ಯೂಟಿಯಲ್ಲಿ ಅಳಬಾರದು ಎಂಬುದು ನರ್ಸುಗಳಿಗೆ ಮೊದಲ ಪಾಠ, ಆದರೂ ಅತ್ತೆ.

ದೇಹವನ್ನು ಮನೆಗೆ ತಂದು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿಯುತ್ತಿರುವಾಗ ಅಂಗಳದಲ್ಲಿ ಟೆಂಪೋ ನಿಂತಿತು. ಮಗನ ಹೆಗಲು ಹಿಡಿದು ಇಳಿದವರು ಅಣ್ಣ. ಹಿಂದೆ ಸೀಟು. ಧೂಳು ಒರೆಸಿ, ಹರಿದಲ್ಲಿ ಹೊಲಿಸಿ, ಎಣ್ಣೆ ಹಚ್ಚಿ ಮಿರಮಿರ ಮಿಂಚುವಂತೆ ಮಾಡಿದ್ದರು. ರಾತ್ರಿಯೇ ಬರಬಹುದಿತ್ತಲ್ಲ, ಆಸ್ಪತ್ರೆ ನಿಮ್ಮ ಮನೆಗೆ ಕೂಗಳತೆ ಎಂದು ನಾಲಿಗೆ ತುದಿಗೆ ಬಂದಿತ್ತು.

ಅವರೇ ಹೇಳಿದರು, ತಮ್ಮನ ಮುಖ ನೋಡುತ್ತ: “ಬರಿಗೈಲೆ ಹೆಂಗ ಬರ್ಲಿ ತಂಗಿ? ಸೀಟ್ ಹೇರಾಕ ರಾತ್ರಿ ಟೆಂಪೋ ಸಿಗಲಿಲ್ಲ. ದಸರಾಕ್ಕೂ ಹಂಗ ಆತು. ಹಾರ್ನ್ ಕೇಳ್ತು. ಸೀಟ್ ಮ್ಯಾಲಿನ ಖೋಲ್ಯಾಗ ಇತ್ತು, ಮನಿ ಮಂದಿ ಎಲ್ಲಾರೂ ಬನ್ನಿ ಕೊಡಾಕ ಹೋಗಿದ್ರು. ನಾ ಒಬ್ಬನ ಅದನ್ನ ಎಳಕೊಂಡು ಒಂದೊಂದ ಪಾವಟಿಗಿ ಇಳದೆ. ಬಾಗ್ಲಾ ತೆಗ್ಯೂದ್ರಾಗ ಹೋಗಿಬಿಟ್ಟಿದ್ದಾ. ಇನ್ನೊಮ್ಮೆ ಬರ್ತಾನ ಅಂತ ಸೀಟ್ ಬಾಗಲದಾಗ ಇಟ್ಕೊಂಡ ಕುಂತೆ.”



ಈಗ ಗ್ಯಾರೇಜು ಖಾಲಿ. ಗಾಡಿ ಮಿರಜದಲ್ಲಿದೆ, ನಾನು ಅದೇ ಕೋಣೆಯಲ್ಲಿದ್ದೇನೆ. ಡ್ಯೂಟಿಯಿಂದ ಬಂದಾಗ ಈಗಲೂ ಮೊದಲು ಕೆಳಗೆ ಇಣುಕುತ್ತೇನೆ. ಆ ದಿನದ ಇನ್ನೊಂದು ಸಂಗತಿ ಮಾತ್ರ ಹೇಳಬೇಕು.

ನಮ್ಮ ಮಂದಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಯಾರೋ ಕುರ್ಚಿ ತಂದರು. “ಖುರ್ಚಿ ಬ್ಯಾಡ,” ಎಂದರು ಅಣ್ಣ. ಪಿಕಪ್ಪಿನ ಹಿಂದಿನ ತೆರೆದ ಜಾಗದಲ್ಲಿ ಅಪ್ಪನ ಸೀಟು ಇಟ್ಟರು. ಅದರ ಮೇಲೆ ಕಾಕಾ ಅವರನ್ನು ಕೂರಿಸಿ, ಬಾಳೆಗಿಡ ಕಟ್ಟಿ ಹೂವು ಹಾಕಿದರು. ಅಣ್ಣನ ಮಗ ಮುಂದೆ ಆ ಪೆಟ್ಟಿಗೆಯ ಮೇಲೆ ಕೂತು ಗಾಡಿ ಚಾಲೂ ಮಾಡಿದ. ಅಣ್ಣನನ್ನು ಎತ್ತಿ ಹತ್ತಿಸಲು ನಾಲ್ಕು ಮಂದಿ ಬಂದರು. ನಾನು ಗ್ಯಾರೇಜಿನಿಂದ ಪಾವಟಿಗೆ ತಂದು ಹಿಂಬದಿಗೆ ತೂಗುಹಾಕಿದೆ. ಅವರು ಕಾಲಿಟ್ಟರು, ನಿಂತರು, ಕಾಲ ಕೆಳಗೆ ನೋಡಿದರು.

“ಯಾರ ಅಳತಿ ಇದು?”

“ನಿಮ್ದ ರೀ. ಕಾಕಾ ಮಾಡಿಸ್ಯಾರ.”

ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ತಮ್ಮನ ದೇಹ ವಾಲದಂತೆ ಪಕ್ಕದಲ್ಲಿ ಒತ್ತಿ ಕೂತು, ಹೆಗಲ ವಸ್ತ್ರ ತೆಗೆದು ಇಬ್ಬರ ಕೈಗಳ ಮೇಲೆ ಹಾಸಿದರು. ವಸ್ತ್ರದ ಅಡಿಯಲ್ಲಿ ಅವರ ಬೆರಳು ಅಲುಗುವುದು ನನಗೆ ಕಂಡಿತು. ಗಾಡಿ ಹೊರಡುವ ಮುಂಚೆ, ತಡೆಯಲಾರದೆ, ಏನು ಒತ್ತಿದಿರಿ ಎಂದು ಕೇಳಿಯೇಬಿಟ್ಟೆ.

“ಅವ ಕೇಳಿದಷ್ಟ,” ಎಂದರು.