ಅಕ್ಕ ಉಂಡ ವಿಯೆಟ್ನಾಮಿ ಶಾವಿಗೆ

ವಿದ್ಯಾನಗರದಲ್ಲಿ ನಮ್ಮ ಮನೆಯ ತಿರುವಿಗೆ ಹೊಸದೊಂದು ವಿಯೆಟ್ನಾಮಿ ಹೋಟೆಲು ಬಂದಿದೆ. ಮೊದಲು ಅಲ್ಲಿ ಮೊಬೈಲ್ ಅಂಗಡಿ ಇತ್ತು, ಅದಕ್ಕೂ ಮೊದಲು ಝೆರಾಕ್ಸ್ ಅಂಗಡಿ. ಸಂಜೆಯಾದರೆ ಗಿರ್ಮಿಟ್ಟು, ಮಿರ್ಚಿಯ ಮುಂದೆ ನಿಲ್ಲುವ ನಮ್ಮ ಹುಬ್ಬಳ್ಳಿಯವರು ಇದನ್ನು ಎಷ್ಟು ದಿನ ಬಾಳಗೊಡುತ್ತಾರೋ ತಿಳಿಯದು. ಇವತ್ತು ಬೆಳಿಗ್ಗೆ ಕಾಯಿಪಲ್ಲೆ ತೆಗೆದುಕೊಂಡು ಅದರ ಮುಂದೆ ಹಾಯುವಾಗ ಚಕ್ರಮೊಗ್ಗು ಕುದಿಯುವ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿ ಕೊತ್ತಂಬರಿ ಸಿವುಡು ಹಿಡಿದೇ ಒಳಗೆ ಹೋಗಿ ಕೂತುಬಿಟ್ಟೆ.

ನಾನು ಕೂತೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಸಣ್ಣವಳಿದ್ದಾಗಿನಿಂದ ಹೆಸರು ತೆಗೆದುಕೊಂಡಿದ್ದೇನೆ. ಇವತ್ತಂತೂ ಕೇಳುವುದೇ ಬೇಡ. ಸಂಜೆಯ ರೈಲಿಗೆ ಮುಂಬಯಿಗೆ ಹೊರಟಿದ್ದೇನೆ, ಅಕ್ಕನನ್ನು ಕರೆದು ತರಲು. ಭಾವ ತೀರಿಕೊಂಡು ಮೂರು ತಿಂಗಳಾಯಿತು. ಅಣ್ಣ, ಅತ್ತಿಗೆ, ನಾನು ಕೂಡಿ ಅಕ್ಕ ಇನ್ನು ಇಲ್ಲಿಯೇ ಇರಲಿ ಎಂದು ಠರಾಯಿಸಿದ್ದೇವೆ. ಅಣ್ಣನ ಮನೆಯ ಮೇಲಿನ ಕೋಣೆಗೆ ಬಣ್ಣ ಹೊಡೆಸಿದ್ದಾಗಿದೆ, ಹೊಸ ಗಾದಿ ಬಂದಿದೆ. ಎಲ್ಲವೂ ಸರಿಯಾಗಿದೆ. ಆದರೂ ಬೆಳಗಿನಿಂದ ಗ್ಯಾಸು ಆರಿಸದೆ ಬಂದವಳಂತೆ ಒಳಗೆ ಹೊರಗೆ ಓಡಾಡುತ್ತಿದ್ದೇನೆ. ಯಾಕೆಂದು ನನಗೇ ಗೊತ್ತಿಲ್ಲ.

ಹೇಳಿದ ತಿನಿಸು ಬರಲು ಇನ್ನೂ ಹೊತ್ತಿದೆ. ನಿಮಗೆ ಬೇಸರವಿಲ್ಲದಿದ್ದರೆ ಈ ವಾಸನೆಯ ಕಥೆ ಹೇಳುತ್ತೇನೆ.

ಹತ್ತು ವರ್ಷದ ಹಿಂದಿನ ಮಾತು. ಅಕ್ಕನಿಗೆ ಆಗ ಐವತ್ತು ದಾಟಿತ್ತು. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಮೊದಲ ಗಂಡ ತೀರಿಕೊಂಡಾಗ ಅವಳಿನ್ನೂ ಹುಡುಗಿ. ಆಮೇಲೆ ನಮ್ಮ ಮನೆಯಲ್ಲೇ ಇದ್ದಳು. ಹೀಗಿರಲು ಅವಳ ಗೆಳತಿಯೊಬ್ಬಳು ನಡುವೆ ನಿಂತು ಒಂದು ಸಂಬಂಧದ ಮಾತು ತೆಗೆದಳು. ಶಿವಾನಂದ ಎಂದು ಹೆಸರು, ಮೂಲ ನಮ್ಮ ಹುಬ್ಬಳ್ಳಿಯ ಕಮರಿಪೇಟೆ, ಬಹಳ ವರ್ಷದಿಂದ ಮುಂಬಯಿಯಲ್ಲಿ ನೌಕರಿ, ಹೆಂಡತಿ ತೀರಿಕೊಂಡಿದ್ದಾಳೆ. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, "ನೋಡೂಣು" ಎಂದಳು. ಆ ಒಂದು ಮಾತನ್ನು ಹಿಡಿದುಕೊಂಡು ನಮ್ಮ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಇಟ್ಟು ರೈಲು ಹತ್ತಿದರು. ಅಪ್ಪನ ತರುವಾಯ ಮನೆಗೆ ಅವರೇ ಹಿರಿಯರು. ಅಕ್ಕನ ಜೊತೆಗೆಂದು ನಾನು.

ಭೆಟ್ಟಿಯ ಜಾಗ ಗೊತ್ತು ಮಾಡಿದವರು ಶಿವಾನಂದ. "ಮಾಟುಂಗಾದ ಕಡೆ ಬ್ಯಾಡ್ರಿ, ಅಲ್ಲೆ ಮೇಜಿಗೊಬ್ಬ ಧಾರವಾಡದವ ಸಿಗತಾನ. ನಮ್ಮ ಆಫೀಸ್ ಹಿಂದ ಒಂದು ಸಾದಾ ಹೋಟೆಲ್ ಐತಿ. ಕಾಯಿಪಲ್ಲೆದ ಊಟಾ ಸಿಗತೈತಿ, ಗುರುತಿನವರು ಸಿಗೂದಿಲ್ಲ" ಎಂದು ಫೋನಿನಲ್ಲಿ ಹೇಳಿದ್ದರು. ಹೋಗಿ ನೋಡಿದರೆ ಗಲ್ಲಿಯೊಳಗೆ ಇಷ್ಟಗಲದ ಜಾಗ, ಪ್ಲಾಸ್ಟಿಕ್ ಸ್ಟೂಲು, ಮಧ್ಯಾಹ್ನದ ರಜೆಗೆ ಬಂದ ಗುಮಾಸ್ತರ ನೂಕುನುಗ್ಗಲು. ರೊಕ್ಕದ ಗಲ್ಲೆಯ ಮೇಲೆ ಕೂತಾಕೆ ವಿಯೆಟ್ನಾಮಿನವಳು, ಅವಳ ಗಂಡ ಸಾತಾರೆಯ ಕಡೆಯವನು. ಕಾಕಾ ಅವನನ್ನು ಕರೆದು, ಸಾರಿನಲ್ಲಿ ಮೀನು ಇಲ್ಲವಲ್ಲ ಎಂದು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡರು.

ಮೀನಿಗಿಂತ ದೊಡ್ಡ ಚಿಂತೆಯೊಂದು ಕಾಕಾನ ತಲೆಯಲ್ಲಿತ್ತು. ನಮ್ಮ ಕಡೆ ಕನ್ಯೆ ನೋಡುವಾಗ ಉಪ್ಪಿಟ್ಟು ತಿನ್ನಬಹುದು, ಚಹಾ ಕುಡಿಯಬಹುದು, ಊಟ ಮಾಡುವಂತಿಲ್ಲ. ಉಂಡರೆಂದರೆ ಸಂಬಂಧ ಕೂಡಿತೆಂದೇ ಅರ್ಥ. ನನ್ನ ಲಗ್ನ ಕೂಡುವುದರೊಳಗೆ ನಮ್ಮ ಮನೆಯಲ್ಲಿ ಎಷ್ಟು ರವೆ ಖರ್ಚಾಯಿತೆಂದರೆ, ಯಾರಾದರೂ ಕೈ ತೊಳೆಯಲು ನೀರು ಕೇಳಿದರೂ ಅವ್ವನ ಮುಖ ಅರಳುತ್ತಿತ್ತು. ಎಲ್ಲರೂ ಉಪ್ಪಿಟ್ಟು ಹೊಗಳಿ ಎದ್ದು ಹೋಗುತ್ತಿದ್ದರು. ಅದಕ್ಕೇ ಕಾಕಾ ಟ್ಯಾಕ್ಸಿಯಲ್ಲಿಯೇ ತಾಕೀತು ಮಾಡಿದ್ದರು: "ಬರೇ ಚಹಾ. ತಾಟಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

ಚಹಾ ಅಲ್ಲಿ ಇರಲಿಲ್ಲ, ಕಾಫಿ ಬಂತು. ಬಟ್ಟಲಿನ ಮೇಲೆ ತಗಡಿನ ಸೋಸಣಿಗೆ ಇಟ್ಟು ಕೊಡುತ್ತಾರೆ. ಅದರಿಂದ ತೊಟ್ಟು ತೊಟ್ಟಾಗಿ ಇಳಿಯಬೇಕು. ನನ್ನಂಥವಳ ಮುಂದೆ ಇಡುವ ವಸ್ತುವೇ ಅದು? ನಾನು ಚಮಚದಿಂದ ತಟ್ಟಿದೆ, ಬಗ್ಗಿ ನೋಡಿದೆ, ಕಡೆಗೆ ಮುಚ್ಚಳ ತೆಗೆಯಹೋಗಿ ಬೆರಳು ಸುಟ್ಟುಕೊಂಡೆ. ಶಿವಾನಂದ ನಕ್ಕು ತಮ್ಮ ನೀರಿನ ಲೋಟ ನನ್ನ ಕಡೆ ಸರಿಸಿದರು. ಒಳ್ಳೆಯ ಮನುಷ್ಯ ಅನ್ನಿಸಿತು. ಹಾಗನ್ನಿಸಿದ್ದೇ ತಡ, ಈ ಸಂಬಂಧ ತಪ್ಪಿದರೆ ಹೇಗೆ ಎಂದು ಎದೆ ಹೊಡೆದುಕೊಳ್ಳತೊಡಗಿತು.

ಅಷ್ಟರಲ್ಲಿ ಅಕ್ಕ ಪಕ್ಕದ ಮೇಜಿನ ಕಡೆ ನೋಡಿ, "ಅದೇನ್ರಿ?" ಎಂದಳು.

"ಅಕ್ಕಿ ಶಾವಿಗಿರಿ. ಕಾಯಿಪಲ್ಲೆ ಸಾರಿನೊಳಗ ಹಾಕಿ ಕೊಡ್ತಾರ."

"ನನಗೊಂದು ಹೇಳ್ರಿ."

ಕಾಕಾ ಕೆಮ್ಮಿದರು. ಅಕ್ಕ ತಿರುಗಿ ಕೂಡ ನೋಡಲಿಲ್ಲ. ಅವಳಿಗೊಂದೇ ಹೇಳುವುದು ಸರಿಯಲ್ಲವೆಂದು ಶಿವಾನಂದ ನಾಲ್ಕು ಹೇಳಿದರು. ಬಂದವು, ಹೊಗೆಯಾಡುವ ದೊಡ್ಡ ಬಟ್ಟಲುಗಳು. ಕಾಕಾ ತಮ್ಮದನ್ನು ಎರಡು ಬೆರಳಿನಿಂದ ದೂರ ನೂಕಿದರು. ನನ್ನ ಬಾಯಲ್ಲಿ ನೀರು ಬಂದರೂ ಕೈ ಕಟ್ಟಿ ಕೂತೆ. ಅಕ್ಕ ಮಾತ್ರ ಲಿಂಬೆ ಹಿಂಡಿಕೊಂಡು ಉಣ್ಣತೊಡಗಿದಳು.

"ಏನವಾ ಇದು?" ಕಾಕಾ ಮೆಲ್ಲಗೆ ಕೇಳಿದರು.

"ಊಟಾ ಎಲ್ಲೈತ್ರಿ ಕಾಕಾ, ಶಾವಿಗಿ."

"ಶಾವಿಗಿ ಅಳಿಯಂದ್ರಿಗೆ ಬಡಸೂದು" ಎಂದು ಕಾಕಾ ಹಲ್ಲು ಕಚ್ಚಿದರು.

ಆಮೇಲೆ ಕಾಕಾ, ನಾನು ಇಬ್ಬರೂ ಒಟ್ಟಿಗೆ ಕಂಡದ್ದು ಇನ್ನೊಂದು. ಶಿವಾನಂದ ಉಣ್ಣುತ್ತಿರಲಿಲ್ಲ. ಬಟ್ಟಲು ಮುಂದಿಟ್ಟುಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತಿದ್ದರು. ಅವರೂ ನಮ್ಮೂರವರೇ, ರೂಢಿ ಗೊತ್ತಿಲ್ಲದವರಲ್ಲ. ಕಾಕಾ ನನ್ನ ಕಿವಿಗೆ ಬಗ್ಗಿದರು: "ನಮ್ಮ ಹುಡುಗಿ ಉಣ್ಣಾಕತ್ತಾಳ, ಅಂವ ಮುಟ್ಟವಲ್ಲ. ಮರ್ಯಾದಿ ಹೋತು ನೋಡು." ನನಗೆ ಕೂತಲ್ಲಿ ಮುಳ್ಳು ಚುಚ್ಚಿದ ಹಾಗಾಯಿತು. ಅಕ್ಕನ ಕೈಯಿಂದ ಚಮಚ ಕಸಿದುಕೊಳ್ಳಲೇ ಅನ್ನಿಸಿತು. ಅವಳೋ ಸಾವಕಾಶ ಶಾವಿಗೆ ಎತ್ತಿ ಎತ್ತಿ ತಿನ್ನುತ್ತಿದ್ದಳು.

ಅವಳ ಮೊದಲ ಲಗ್ನ ಕೂಡಿದ್ದನ್ನು ನಿಮಗೆ ಹೇಳಬೇಕು. ಹೆಬ್ಬಳ್ಳಿಯವರು ನೋಡಲು ಬಂದಿದ್ದರು. ಅಕ್ಕನನ್ನು ತೋರಿಸಿ ಒಳಗೆ ಕಳಿಸಿದ ಮೇಲೆ ಅವಳು ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತ ಕೂತಿದ್ದಳಂತೆ. ಪಡಸಾಲೆಯಲ್ಲಿ ಹಿರಿಯರ ಮಾತು ನಡೆದಿತ್ತು. ಸ್ವಲ್ಪ ಹೊತ್ತಿಗೆ ತಾಟು ಹಾಕಿದ ಸಪ್ಪಳ ಕೇಳಿತು. "ಆ ಸಪ್ಪಳ ಕೇಳಿ ನನ್ನ ಲಗ್ನ ಆತು ಅಂತ ನನಗ ಗೊತ್ತಾತು. ಬ್ಯಾರೆ ಯಾರೂ ಬಂದು ಹೇಳಲಿಲ್ಲ" ಎಂದು ಒಮ್ಮೆ ಹೇಳಿದ್ದಳು. ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವ ದನಿಯಲ್ಲಿ ಹೇಳಿದ್ದಳು.

ಕಾಕಾ ಎದ್ದು ನಿಂತರು. "ಏಳ್ರಿ, ರೈಲಿಗೆ ಹೊತ್ತಾತು." ನಮ್ಮ ರೈಲು ಮರುದಿನದ್ದು.

ಶಿವಾನಂದರೂ ಎದ್ದರು. "ಕೂಡ್ರಿ ಕಾಕಾ. ನಾ ಒಲ್ಲೆ ಅಂತ ಅಲ್ಲರಿ. ನಾ ಉಂಡ್ರ ನೀವು ಕೂಡಿತು ಅಂತೀರಿ. ಆಮ್ಯಾಲೆ ಇವರನ್ನ ಯಾರು ಕೇಳ್ತಾರ? ಇವರು ಹಸದಿದ್ರು, ಉಂಡ್ರು. ಅದನ್ನ ನಾ ಹೂಂ ಅಂತ ಹ್ಯಾಂಗ ತಿಳಕೊಳ್ಳಲಿ?" ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ಹೇಳ್ರಿ. ಇವತ್ತೇ ಹೇಳಬೇಕಂತ ಏನಿಲ್ಲ" ಎಂದರು.

ಕಾಕಾ ಕೂತರು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನಗೆ ತಡೆಯಲಾಗದೆ, "ಅಕ್ಕಾ..." ಎಂದೆ. ಅವಳು ಮೇಜಿನ ಕೆಳಗೆ ನನ್ನ ಮೊಣಕಾಲನ್ನು ಒತ್ತಿ ಹಿಡಿದಳು. ಬಟ್ಟಲಿನಲ್ಲಿ ಉಳಿದ ಸಾರು ಕುಡಿದಳು, ಬಾಯಿ ಒರೆಸಿಕೊಂಡಳು. ಶಿವಾನಂದರ ಮುಖವನ್ನು ಮೊದಲ ಸಲ ನೆಟ್ಟಗೆ ನೋಡಿದಳು.

"ನಿಮ್ದು ಆರಾಕತ್ತೈತಿ. ಉಣ್ರಿ."

ಅವರು ತಲೆ ಬಗ್ಗಿಸಿ ಉಂಡರು. ಕಣ್ಣಲ್ಲಿ ನೀರಿತ್ತು, ಹಸಿಮೆಣಸಿನಕಾಯಿ ಖಾರವೆಂದರು. ಕಾಕಾ ದೂರ ನೂಕಿದ್ದ ಬಟ್ಟಲನ್ನು ಹತ್ತಿರ ಎಳೆದುಕೊಂಡು, ಚಮಚದಿಂದ ಜಾರುವ ಶಾವಿಗೆಯ ಜೊತೆ ಸೆಣಸಾಡಿ, "ಬೆಲ್ಲ, ತುಪ್ಪ ಇದ್ದಿದ್ರ ಇನ್ನೂ ಛಲೋ ಆಗತಿತ್ತು" ಎಂದು ತೀರ್ಪು ಕೊಟ್ಟರು. ನಾನು ಉಂಡದ್ದರ ರುಚಿ ನೆನಪಿಲ್ಲ. ಅಷ್ಟು ಸಂತೋಷವಾಗಿತ್ತು.

ಅಕ್ಕ ನೌಕರಿ ಬಿಟ್ಟು ಮುಂಬಯಿಗೆ ಹೋದಳು. ಲೋಕಲ್ ರೈಲಿನ ಸಪ್ಪಳ ಕೇಳುವ ಎರಡು ಕೋಣೆಯ ಮನೆ. ಭಾವ ಅವಳಿಗೆ ಚಹಾ ಮಾಡಿ ಕೊಡುತ್ತಿದ್ದರು, ಅವಳು ಅವರನ್ನು ಚದುರಂಗದಲ್ಲಿ ಸೋಲಿಸುತ್ತಿದ್ದಳು. ಕಾಕಾ ಅದನ್ನೆಲ್ಲ ಕಣ್ಣಾರೆ ನೋಡಿಯೇ ತೀರಿಕೊಂಡರು.

ನನ್ನ ಬಟ್ಟಲು ಬಂತು. ಹುಬ್ಬಳ್ಳಿಯ ಈ ಅಡುಗೆಯವ ಖಾರ ಒಂದು ಕೈ ಹೆಚ್ಚೇ ಹಾಕಿದ್ದಾನೆ. ಒಂದು ಚಮಚ ಬಾಯಿಗಿಟ್ಟೆ, ಎರಡನೆಯದು ಇಳಿಯಲಿಲ್ಲ. ಅಣ್ಣನ ಮನೆಯ ಆ ಮೇಲಿನ ಕೋಣೆಗೆ ಯಾವ ಬಣ್ಣ ಎಂದು ಅತ್ತಿಗೆ, ನಾನು ಎರಡು ದಿನ ವಾದ ಮಾಡಿದ್ದೆವು. ಗಾದಿ ಹತ್ತಿಯದೋ ಫೋಮಿನದೋ ಎಂದು ಅಣ್ಣ ಡಾಕ್ಟರನ್ನು ಕೇಳಿ ಬಂದಿದ್ದ. ಟಿಕೆಟು ತೆಗೆಸಿದ ಮೇಲೆ ಅಕ್ಕನಿಗೆ ಫೋನು ಮಾಡಿ ತಾರೀಖು ತಿಳಿಸಿದ್ದೆವು. "ಹೂಂ" ಎಂದಿದ್ದಳು, ತಾರೀಖು ಕೇಳಿಸಿಕೊಂಡವರು ಅನ್ನುವ ಹಾಗೆ. ಬರುತ್ತೀಯಾ ಎಂದು ನಾವ್ಯಾರೂ ಕೇಳಿರಲಿಲ್ಲ. ಬೆಳಗಿನಿಂದ ನನ್ನನ್ನು ಕೂಡಗೊಡದೆ ಓಡಾಡಿಸಿದ್ದು ಇದೇ.

ಅಲ್ಲಿಂದಲೇ ಫೋನು ಹಚ್ಚಿದೆ.

"ಅಕ್ಕಾ, ನಿನಗ ಇಲ್ಲಿಗೆ ಬರೂ ಮನಸೈತೇನು?"

"ನೀ ನಾಳೆ ಕರಕೊಂಡು ಹೋಗಾಕ ಬರಾಕತ್ತಿ ಅಲ್ಲ?"

"ಅದನ್ನ ಬಿಡು. ನಿನ್ನ ಮನಸಿನ್ಯಾಗ ಏನೈತಿ, ಅದನ್ನ ಹೇಳು."

ಫೋನಿನಲ್ಲಿ ಅವಳ ಹಿಂದೆ ಲೋಕಲ್ ರೈಲೊಂದು ಹಾದುಹೋಯಿತು. ನಾನು ಬಾಯಿ ಬಿಗಿಹಿಡಿದು ಕೂತೆ.

"ಇಲ್ಲವಾ. ನಾ ಇಲ್ಲೇ ಇರ್ತೇನಿ" ಎಂದಳು. "ನಾನಾಗಿ ಬರ್ತೇನಿ ಅಂತ ಹೇಳಿ ಬಂದದ್ದು ಇದೊಂದೇ ಮನಿ."

ಸಂಜೆ ಹೊತ್ತು ಅವಳ ಜೊತೆ ಕೂತು ಜಗಳಾಡಬೇಕೆಂದು ಎಷ್ಟು ಆಸೆ ಇಟ್ಟುಕೊಂಡಿದ್ದೆನೆಂದು ಆಗಲೇ ತಿಳಿದದ್ದು.

"ಸಿಟ್ಟು ಬಂತೇನು?" ಎಂದಳು.

"ಬಂತು" ಎಂದೆ.

ಅಕ್ಕ ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿರಲಿಲ್ಲ. "ಬಾ, ನಾಕು ದಿನಾ ಇದ್ದು ಹೋಗು" ಎಂದಳು.

ತಿರುಗಿ ಬರಲು ತೆಗೆಸಿದ್ದ ಎರಡು ಟಿಕೆಟುಗಳಲ್ಲಿ ಅವಳದನ್ನು ಅಲ್ಲೇ ಕೂತು ರದ್ದು ಮಾಡಿದೆ. ಅಣ್ಣ ಕೂಗಾಡುತ್ತಾನೆ, ಅತ್ತಿಗೆ ಕೋಣೆಯ ಬಣ್ಣದ ಮಾತು ತೆಗೆಯುತ್ತಾಳೆ. ಅವರಿಗೆ ಹೇಳಬೇಕಾದದ್ದು ಇಷ್ಟೇ: ಕೇಳಿದೆ, ಒಲ್ಲೆ ಅಂದಳು.