ಶಿರ್ತಾಡಿ ಬೀರಿನ ಮೂರು ರುಚಿ

ಮೇಜಿನ ಮೇಲೆ ಮೂರು ಬಾಟ್ಲಿ. ಯಾವುದಕ್ಕೂ ಲೇಬಲ್ ಇಲ್ಲ. ಕುತ್ತಿಗೆಗೆ ಒಂದು, ಎರಡು, ಮೂರು ಎಂದು ಬರೆದ ಚೀಟಿ ಮಾತ್ರ.

"ಕುಡಿದು ಹೇಳಿ ಮೇಡಂ. ಇದರಲ್ಲಿ ನಮ್ಮ ಅಮ್ಮನದು ಯಾವುದು?" ಎಂದಳು ಸ್ವಾತಿ.

ಕಳೆದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಶಿರ್ತಾಡಿಯ ಒಂದು ಶೆಡ್ಡಿನಲ್ಲಿ, ನಿಮ್ಮ ಅಂಕಣಕಾರ್ತಿಯನ್ನು ಬೀರ್ ಕುಡಿಯಲು ಕೂರಿಸಲಾಗಿತ್ತು. (ಗಾಬರಿಯಾಗಬೇಡಿ. ಇದು ಶುಂಠಿ ಬೀರ್. ಅಮಲು ಏರುವುದಿಲ್ಲ, ತೇಗು ಬರುತ್ತದೆ.)

ತೊಂಬತ್ತರ ದಶಕದ ಮೊದಲರ್ಧದಲ್ಲಿ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಕಡೆ ಓಡಾಡಿದವರಿಗೆ ‘ಶಿರ್ತಾಡಿ ಬೀರ್’ ನೆನಪಿರಬಹುದು. ಅದನ್ನು ಮಾಡುತ್ತಿದ್ದವರು ಸ್ವಾತಿಯ ಅಪ್ಪ ವಾಸಣ್ಣ. ಬಹರೈನಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಇಂಗ್ಲಿಷ್ ಅಡುಗೆಯವನು ಶುಂಠಿ, ಸಕ್ಕರೆ, ಲಿಂಬೆ, ಚಿಟಿಕೆ ಯೀಸ್ಟ್ ಸೇರಿಸಿ ಏನೋ ಮಾಡುವುದನ್ನು ನೋಡಿ ಕಲಿತರು. ಊರಿಗೆ ಬರುವಾಗ ಉಳಿದವರೆಲ್ಲ ಟೇಪ್ ರೆಕಾರ್ಡರ್ ತಂದರೆ ಇವರು ಬಾಟ್ಲಿಗೆ ಮುಚ್ಚಳ ಒತ್ತುವ ಕೈಯಂತ್ರ ತಂದರು.

"ಪಾಪ, ಅಲ್ಲಿಯ ಬಿಸಿಲು ತಲೆಗೆ ಹತ್ತಿದೆ" ಎಂದರು ಊರವರು.

ಸೋಡಾ ಎಲ್ಲ ಕಡೆ ಇತ್ತಲ್ಲ, ಇದರಲ್ಲೇನು ವಿಶೇಷ? ವಿಶೇಷ ಇತ್ತು. ಸೋಡಾಕ್ಕೆ ಗ್ಯಾಸನ್ನು ಹೊರಗಿನಿಂದ ತುಂಬಿಸುತ್ತಾರೆ. ವಾಸಣ್ಣನ ಬಾಟ್ಲಿಯಲ್ಲಿ ಗ್ಯಾಸ್ ಒಳಗೇ ಹುಟ್ಟುತ್ತಿತ್ತು. ಯೀಸ್ಟ್ ಸಕ್ಕರೆ ತಿನ್ನುತ್ತಿತ್ತು, ಗುಳ್ಳೆ ಬಿಡುತ್ತಿತ್ತು. ಈಗ ದೊಡ್ಡ ಊರುಗಳಲ್ಲಿ ಹೀಗೆ ಕೈಯಲ್ಲಿ, ಸ್ವಲ್ಪ ಸ್ವಲ್ಪವೇ ಮಾಡುವ ಬೀರಿಗೆ ‘ಕ್ರಾಫ್ಟ್’ ಎನ್ನುತ್ತಾರಂತೆ. ವಾಸಣ್ಣನಿಗೆ ಆ ಹೆಸರು ಗೊತ್ತಿರಲಿಲ್ಲ. ಬೂದಿಯಲ್ಲಿ ತಿಕ್ಕಿ ತೊಳೆದ ಹಳೆ ಬಾಟ್ಲಿ, ಒಂದು ಸ್ಟೀಲ್ ಹಂಡೆ, ಆ ಕೈಯಂತ್ರ. ಅಷ್ಟೇ ಬಂಡವಾಳ.

ಹೆಂಡತಿ ಲಲಿತಕ್ಕ ತೀರಿಕೊಂಡ ವರ್ಷ ಶೆಡ್ಡಿಗೆ ಬೀಗ ಬಿತ್ತು. ಆಗ ಸ್ವಾತಿಗೆ ಎಂಟು ವರ್ಷ. ಬಿಎಸ್ಸಿ ಕೆಮಿಸ್ಟ್ರಿ ಓದಿ ಹಲವು ವರ್ಷ ಎಲ್ಲೆಲ್ಲೋ ಕೆಲಸ ಮಾಡಿದವಳು ಈಗ ಹಂಡೆಯ ತುಕ್ಕು... (ಸ್ಟೀಲಿಗೆ ತುಕ್ಕು ಎಲ್ಲಿಂದ? ನನ್ನ ಉತ್ಪ್ರೇಕ್ಷೆ.) ಹಂಡೆಯ ಧೂಳು ತೊಳೆದು ಮತ್ತೆ ಬೀರ್ ಮಾಡಲು ಹೊರಟಿದ್ದಾಳೆ. ಮರುದಿನ ಲೇಬಲ್ ಪ್ರಿಂಟಿಗೆ ಹೋಗಬೇಕು. ಅದರಲ್ಲಿ ‘ಅದೇ ಹಳೆಯ ರುಚಿ’ ಎಂಬ ಸಾಲು, ಕೆಳಗೆ ನನ್ನ ಹೆಸರು.

"ನೀವು ಪೇಪರಿನಲ್ಲಿ ಬರೆಯುವವರು. ನೀವು ಹೇಳಿದರೆ ಜನ ನಂಬ್ತಾರೆ."

ಈ ವರ್ಷ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಇದು. ಆದರೂ ಕೇಳಿದೆ. "ಮನೆಯಲ್ಲೇ ಅಪ್ಪ ಇದ್ದಾರಲ್ಲ. ನಾನು ಯಾಕೆ?"

"ಅಪ್ಪ ಒಂದು ಗುಟುಕೂ ಕುಡಿದವರಲ್ಲ ಮೇಡಂ."

ಮೂಲೆಯಲ್ಲಿ ಬಾಟ್ಲಿ ಒರೆಸುತ್ತಿದ್ದ ವಾಸಣ್ಣ ನಾಚಿಕೊಂಡರು. "ಎಂತ ಮಾಡುವುದು ಮೇಡಂ. ಶುಂಠಿ ಬಾಯಿಗಿಟ್ಟರೆ ನನಗೆ ಎದೆ ಉರಿ. ಕೈ ನನ್ನದು, ನಾಲಿಗೆ ಇವಳ ಅಮ್ಮನದ್ದು. ಅವಳು ಸಾಕು ಅಂದರೆ ಸಾಕು, ಇನ್ನೊಂದು ಲಿಂಬೆ ಅಂದರೆ ಇನ್ನೊಂದು ಲಿಂಬೆ. ಅಳತೆ ಬರೆದಿಟ್ಟವರು ಯಾರು?"

"ನಿನಗೆ ನೆನಪಿಲ್ಲವಾ?" ಎಂದು ಸ್ವಾತಿಯನ್ನು ಕೇಳಿದೆ.

"ಮಕ್ಕಳಿಗೆ ಬೇಡ ಅಂತ ಅಮ್ಮ ಕೊಡ್ತಿರಲಿಲ್ಲ. ದೊಡ್ಡವಳಾದ ಮೇಲೆ ಕೊಡ್ತೇನೆ ಅಂದಿದ್ದರು."

ಬಾಟ್ಲಿ ಎತ್ತಿದೆ.

ಒಂದನೆಯದು ಸಿಹಿ. ಮೊದಲು ಬೆಲ್ಲದ ಪಾನಕದ ಹಾಗೆ, ನುಂಗಿದ ಮೇಲೆ ನಿಧಾನಕ್ಕೆ ಗಂಟಲಲ್ಲಿ ಶುಂಠಿ. ಇದೇ, ಎಂದಿತು ನನ್ನ ನಾಲಿಗೆ. ಮೂಡುಬಿದಿರೆಯಲ್ಲಿ ಡಿಗ್ರಿ ಓದುವಾಗ ಪರೀಕ್ಷೆ ಮುಗಿದ ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹತ್ತಿರ ಗೆಳತಿ ಜೆಸಿಂತಾಳ ಜೊತೆ ಒಂದೇ ಬಾಟ್ಲಿ ಹಂಚಿಕೊಂಡು ಕುಡಿದದ್ದು. ಅವಳು ಬಾಯಿ ತಾಗಿಸದೆ ಎತ್ತಿ ಕುಡಿಯಲು ಹೋಗಿ ದಾವಣಿಯೆಲ್ಲ ಒದ್ದೆ ಮಾಡಿಕೊಂಡದ್ದು. ಎಲ್ಲ ಆ ಒಂದು ಗುಟುಕಿನಲ್ಲಿ ಬಂತು.

ಹೆಸರು ಹಾಕಿ ಅಂತ ಹೇಳಬಹುದಿತ್ತು. ಆದರೆ ನನ್ನ ನೆನಪಿನ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಅದಕ್ಕೇ ಬರುವಾಗ ಹಳೆಯ ಡೈರಿಯೊಂದನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಮೊದಲ ಕೆಲಸಕ್ಕೆ ಸೇರಿದ ವರ್ಷದ್ದು. ತೆಗೆದು ಓದಿದೆ.

‘ಸಂಜೀವಣ್ಣನ ಅಂಗಡಿಯಲ್ಲಿ ಶಿರ್ತಾಡಿ ಬೀರ್. ಒಣ ಹುಳಿ. ಗ್ಯಾಸ್ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು. ಅರ್ಧ ಕುಡಿದೆ, ಅರ್ಧ ಚರಂಡಿಗೆ.’

ಒಂದೇ ವಾಸಣ್ಣ, ಒಂದೇ ಹಂಡೆ. ಸಿಹಿ ಎನ್ನುವುದು ನಾನೇ, ಹುಳಿ ಎಂದು ಬರೆದದ್ದೂ ನಾನೇ. ಕಾಲೇಜು ದಿನಗಳಿಗೆ ಇಷ್ಟು ವರ್ಷ ನಾನೇ ಸಕ್ಕರೆ ಬೆರೆಸುತ್ತ ಬಂದೆನೇ? ಅಥವಾ ಹೊಸ ಕೆಲಸದ ಸಿಟ್ಟನ್ನು ಡೈರಿಯಲ್ಲಿ ಬೀರಿನ ಮೇಲೆ ತೀರಿಸಿದೆನೇ?

ಮೂರನೆಯ ಬಾಟ್ಲಿ ಕುಡಿದು ನೋಡಿದೆ. ಅದೇ ಹುಳಿ. ಡೈರಿಯದ್ದು ಇದು.

ಸ್ವಾತಿ ಸುಸ್ತಾದವಳಂತೆ ಕುಳಿತಳು. "ಬೆಳ್ತಂಗಡಿಯ ಹೋಟೆಲಿನವರು ಎರಡನೆಯದ್ದೇ ಅಂತ ಆಣೆ ಹಾಕಿದ್ದಾರೆ. ಅದು ಖಾರ ಮಾತ್ರ, ಸಿಹಿಯೂ ಇಲ್ಲ ಹುಳಿಯೂ ಇಲ್ಲ. ಈಗ ನೀವು ಒಂದು ಅಂತೀರಿ, ನಿಮ್ಮ ಡೈರಿ ಮೂರು ಅಂತದೆ. ನಾನು ಯಾರನ್ನು ನಂಬುವುದು?"

ನನಗೆ ಹೊಳೆದದ್ದು ಒಂದೇ ದಾರಿ. ಬಿ.ಸಿ.ರೋಡಿನ ಸಂಜೀವಣ್ಣನಿಗೆ ಫೋನ್ ಮಾಡಿದೆ. ಅವರ ಅಂಗಡಿ ಇನ್ನೂ ಇದೆ, ಕಂಠವೂ ಹಾಗೇ ಇದೆ. ಸ್ಪೀಕರ್ ಹಾಕುವ ಅಗತ್ಯವೇ ಬರಲಿಲ್ಲ.

"ಹುಳಿ ಅಲ್ಲದೆ ಮತ್ತೆಂತ ಮಾರಾಯ್ರೆ? ಬೆಂಕಿ ಅದು. ಶನಿವಾರದ ಬಸ್ಸಿಗೆ ಬರ್ತಿತ್ತು. ಒಂದು ಬಾಟ್ಲಿ ಸಿಡಿದು ನನ್ನ ಬಿಸ್ಕೆಟ್ ಭರಣಿ ಹೋಗಿದೆ, ಗೊತ್ತುಂಟಾ? ಮತ್ತೆ ಒದ್ದೆ ಗೋಣಿ ಹೊದೆಸಿ ಇಡ್ತಿದ್ದೆ, ಬಾಣಂತಿಯನ್ನು ನೋಡಿಕೊಂಡ ಹಾಗೆ. ಒಮ್ಮೆ ಆ ವಾಸು ಮಂಗಳವಾರವೇ ಕಳಿಸಿದ. ಗಿರಾಕಿಗಳು ಇದು ಡುಪ್ಲಿಕೇಟ್, ಪಾಯಸದ ಹಾಗೆ ಉಂಟು ಅಂತ ವಾಪಸ್ ಕೊಟ್ಟರು."

ಸ್ವಾತಿ ಅಪ್ಪನ ಕಡೆ ತಿರುಗಿದಳು. "ಬಿ.ಸಿ.ರೋಡಿಗೆ ಶನಿವಾರ ಯಾಕೆ? ನೀವು ಬಾಟ್ಲಿ ತುಂಬಿಸ್ತಿದ್ದದ್ದು ಸೋಮವಾರ ಅಲ್ವಾ?"

"ಸೋಮವಾರವೇ. ಆದರೆ ಪೆಟ್ಟಿಗೆ ಎಲ್ಲಿತ್ತು ಮಗಾ? ಇದ್ದದ್ದು ಹನ್ನೆರಡು ಮರದ ಪೆಟ್ಟಿಗೆ. ಮಂಗಳವಾರ ಮೂಡುಬಿದಿರೆಗೆ ಹೋಗಿ ಬುಧವಾರ ಖಾಲಿ ಬರಬೇಕು. ಗುರುವಾರ ಅದರಲ್ಲೇ ಬೆಳ್ತಂಗಡಿಗೆ. ಅದು ವಾಪಸ್ ಬಂದ ಮೇಲೆ ಶನಿವಾರ ಬಿ.ಸಿ.ರೋಡಿಗೆ."

ಸ್ವಾತಿ ಬೆರಳು ಮಡಚಿದಳು. ಮೂಡುಬಿದಿರೆ, ಮರುದಿನ. ಬೆಳ್ತಂಗಡಿ, ಮೂರು ದಿನ. ಬಿ.ಸಿ.ರೋಡ್, ಐದು ದಿನ. ಅಷ್ಟು ಹೊತ್ತೂ ಬಾಟ್ಲಿಯೊಳಗೆ ಯೀಸ್ಟ್ ಸಕ್ಕರೆ ತಿನ್ನುತ್ತಲೇ ಇತ್ತು.

"ನಾನು ಪೆದ್ದಿ ಮೇಡಂ. ಮೂರು ಬಗೆಯ ಅಳತೆ ಹಾಕಿ ಮೂರು ಬೀರ್ ಮಾಡಿದೆ. ಅದು ಒಂದೇ ಬೀರ್. ದಿನ ಮಾತ್ರ ಬೇರೆ."

ನನಗೆ ಎಷ್ಟು ಹಗುರವಾಯಿತೆಂದರೆ ಎರಡನೆಯ ಬಾಟ್ಲಿಯನ್ನೂ ಮುಗಿಸಿಬಿಟ್ಟೆ. ನೆನಪೂ ಸುಳ್ಳು ಹೇಳಿರಲಿಲ್ಲ, ಡೈರಿಯೂ ಹೇಳಿರಲಿಲ್ಲ. ಬಾಟ್ಲಿ ಕಾದ ದಿನ ಹೆಚ್ಚುಕಮ್ಮಿ, ಅಷ್ಟೇ.

ಆದರೆ ಸ್ವಾತಿಯ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. "ಹಾಗಾದರೆ ಅಮ್ಮ ಸರಿ ಉಂಟು ಅಂತಿದ್ದದ್ದು ಎಷ್ಟನೇ ದಿನದ್ದನ್ನು?"

ವಾಸಣ್ಣ ಬಟ್ಟೆ ಹಿಂಡಿದರು. "ಅವಳು ಬಾಟ್ಲಿಯದ್ದು ಕುಡಿದವಳೇ ಅಲ್ಲ. ಹಂಡೆಯಿಂದ ಸೌಟಿನಲ್ಲಿ ತೆಗೆದು ನೋಡುವುದು. ಗ್ಯಾಸ್ ಹುಟ್ಟುವ ಮೊದಲೇ."

ಅಂದರೆ ಮೂರು ಊರಿನ ಜನರಲ್ಲಿ ಒಬ್ಬರೂ ಲಲಿತಕ್ಕ ನೋಡಿದ ರುಚಿಯನ್ನು ನೋಡಿದವರಲ್ಲ. ಮತ್ತೆ ನಾವು ಯಾವ ಧೈರ್ಯದಲ್ಲಿ ಸಾಕ್ಷಿ ಹೇಳಲು ಬಂದದ್ದು?

ಆವತ್ತು ಕಲಸಿದ ಬೀರ್ ಹಂಡೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕುಳಿತಿತ್ತು. ಸ್ವಾತಿ ಹೋಗಿ ಒಂದು ಸೌಟು ತೆಗೆದು ಬಾಯಿಗಿಟ್ಟಳು. ಮುಖ ಸಣ್ಣದಾಯಿತು.

"ಪಾಯಸ ಆಗಿದೆ ಅಪ್ಪ. ನನಗೆ ಅಳತೆ ತಪ್ಪಿದೆ. ಇದನ್ನು ಚೆಲ್ಲುವ."

"ಚೆಲ್ಲಬೇಡ," ಎಂದರು ವಾಸಣ್ಣ. "ಅವಳೂ ಪ್ರತಿ ಸೋಮವಾರ ಹೀಗೇ ಮುಖ ಮಾಡುತ್ತಿದ್ದದ್ದು. ಸಿಹಿ ಜಾಸ್ತಿ ಆಯ್ತು ಅಂತ. ಮತ್ತೆ ಅವಳೇ, ಇರಲಿ, ಜನರಿಗೆ ಮುಟ್ಟುವಾಗ ಸರಿ ಆಗ್ತದೆ ಅಂತ ಬಾಟ್ಲಿ ಹಿಡಿಯಲು ಬರ್ತಿದ್ದಳು."

ಸ್ವಾತಿ ಮತ್ತೊಂದು ಸೌಟು ತೆಗೆದಳು. ಈ ಸಲ ನಿಧಾನಕ್ಕೆ ಕುಡಿದಳು. ಇನ್ನೊಂದು. ನಾವಿಬ್ಬರೂ ಬೇರೆ ಕಡೆ ನೋಡಿದೆವು.

‘ಅದೇ ಹಳೆಯ ರುಚಿ’ ಎಂಬ ಸಾಲನ್ನು ಅವಳೇ ಹೊಡೆದು ಹಾಕಿದಳು. ಆ ಜಾಗದಲ್ಲಿ ತುಂಬಿಸಿದ ದಿನವನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾಳಂತೆ. ನನ್ನ ಹೆಸರಿಗೆ ಲೇಬಲ್ಲಿನಲ್ಲಿ ಜಾಗವಿಲ್ಲ. ಬೇಸರವೂ ಇಲ್ಲ. (ಸ್ವಲ್ಪ ಇದೆ.)

ಶಿರ್ತಾಡಿ ಬೀರಿನ ರುಚಿ ಹೀಗಿರಲಿಲ್ಲ, ಹಾಗಿತ್ತು ಎಂದು ನಾಳೆಯಿಂದ ನೀವು ನನಗೆ ಪತ್ರ ಬರೆಯುತ್ತೀರಿ. ಬರೆಯಿರಿ, ಎಲ್ಲವನ್ನೂ ನಂಬುತ್ತೇನೆ. ಒಂದನ್ನು ಮಾತ್ರ ಮರೆಯದೆ ತಿಳಿಸಿ: ನೀವು ಕುಡಿದದ್ದು ಎಷ್ಟನೇ ದಿನದ್ದು?